ಮೋಟಾರು ಮನೆಯ ಮೇಲೊಂದು ಬೆಳಕು: ಅನ್ಯಗ್ರಹದವರ ಸಿನಿಮಾ ತೆಗೆದ ಬಗೆ

ಕಥೆ ಇಷ್ಟು. ರಾತ್ರಿ ಒಂದು ಗಂಟೆಗೆ ತ್ರೀ ಫೇಸ್ ಕರೆಂಟು ಬರುತ್ತದೆ. ತೋಟಕ್ಕೆ ನೀರು ಕಟ್ಟಲು ಹೆಂಗಸೊಬ್ಬಳು ಬ್ಯಾಟರಿ ಹಿಡಿದು ಮೋಟಾರು ಮನೆಗೆ ಹೋಗುತ್ತಾಳೆ. ಸ್ಟಾರ್ಟರ್ ಒತ್ತುತ್ತಾಳೆ, ಬೋರಿನಲ್ಲಿ ಮೋಟಾರು ಓಡುತ್ತದೆ, ಪೈಪಿನ ಬಾಯಲ್ಲಿ ನೀರಿಲ್ಲ. ಆ ನೀರನ್ನು ಬೇರೆ ಯಾರೋ ಎಳೆದುಕೊಳ್ಳುತ್ತಿದ್ದಾರೆ.

24 ನಿಮಿಷದ ಚಿತ್ರ, ಮೂರು ಪಾತ್ರ. ಮಧುಗಿರಿ ಕಡೆಯ ಒಂದು ಮೋಟಾರು ಮನೆ, ಪಕ್ಕದಲ್ಲಿ ಕಟಾವಾದ ರಾಗಿ ಹೊಲ. ಒಂಬತ್ತು ರಾತ್ರಿ, ಹದಿನಾಲ್ಕು ಜನ, ಕೈಯಲ್ಲಿದ್ದದ್ದು 3.6 ಲಕ್ಷ ರೂಪಾಯಿ. ಅದರಲ್ಲಿ ಮೂರನೇ ಒಂದು ಪಾಲು ಊಟಕ್ಕೂ ಓಡಾಟಕ್ಕೂ ಹೋಯಿತು. ಅದನ್ನು ಉಳಿಸಲು ನೋಡಬಾರದು. ನಡುರಾತ್ರಿ ಎರಡಕ್ಕೆ ಬಿಸಿ ಊಟ ಸಿಗದ ತಂಡದಿಂದ ನಾಲ್ಕು ಗಂಟೆಯ ಶಾಟು ಸರಿಯಾಗಿ ಬರುವುದಿಲ್ಲ.

ಇಂಥ ಚಿತ್ರಕ್ಕೆ ಕೈ ಹಾಕುವವರು ಮೊದಲು ಅನ್ಯಗ್ರಹದವರ ಹಡಗಿನ ಚಿತ್ರ ಬರೆದುಕೊಂಡು ಕೂರುತ್ತಾರೆ. ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಅದನ್ನು ಕಟ್ಟಿ, ಕೊನೆಗೆ ತೆಗೆದ ದೃಶ್ಯದ ಮೇಲೆ ಅಂಟಿಸಿದಾಗ ಅದು ಅಂಟಿಸಿದ ಹಾಗೇ ಕಾಣುತ್ತದೆ. ಕಾರಣ ಹಡಗಿನ ಅಂದಚೆಂದವಲ್ಲ. ಹಡಗು ಬೆಳಗುತ್ತಿರುತ್ತದೆ, ಕೆಳಗೆ ನಿಂತವಳ ಮುಖದ ಮೇಲೆ ಆ ಬೆಳಕಿಲ್ಲ, ರಾಗಿ ಕೂಳೆಗೆ ನೆರಳಿಲ್ಲ, ಧೂಳು ಎದ್ದಿಲ್ಲ. ಬೆಳಕು, ನೆರಳು, ಧೂಳು, ಶಬ್ದ ಈ ನಾಲ್ಕೂ ಹೊಲದಲ್ಲೇ ಆಗಿಬಿಟ್ಟರೆ, ಹಡಗಿನ ಜಾಗದಲ್ಲಿ ಒಂದು ಕಪ್ಪು ಆಕಾರ ಇಟ್ಟರೂ ನೋಡುವವರು ನಂಬುತ್ತಾರೆ. ಹಾಗಾಗಿ ದುಡ್ಡನ್ನೂ ದಿನಗಳನ್ನೂ ಹೆಚ್ಚಾಗಿ ಈ ನಾಲ್ಕಕ್ಕೇ ಹಾಕಿದೆವು.

ದಿನ ಹುಡುಕುವುದೇ ಮೊದಲ ಕೆಲಸ. ಅಮಾವಾಸ್ಯೆಗೆ ಹಿಂದೆ ನಾಲ್ಕು, ಮುಂದೆ ನಾಲ್ಕು ರಾತ್ರಿ ಹಿಡಿದೆವು. ಬೆಳದಿಂಗಳಿದ್ದರೆ ಕಾಣುವುದೇನೋ ಚೆಂದ, ಆದರೆ ಚಂದ್ರ ಗಂಟೆಗೆ ಸುಮಾರು 14.5 ಡಿಗ್ರಿ ಸರಿಯುತ್ತಾನೆ, ಮಾರನೆಯ ರಾತ್ರಿ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಒಂದೇ ದೃಶ್ಯದ ಎರಡು ಶಾಟುಗಳಲ್ಲಿ ನೆರಳು ಬೇರೆ ಬೇರೆ ಕಡೆ ಬೀಳುತ್ತದೆ. ತಿಂಗಳು ಜನವರಿಯೇ ಆಗಬೇಕು. ಮಳೆ ನಿಂತ ಹೊಸದರಲ್ಲಿ ಹೊಲದಲ್ಲಿ ದೀಪ ಹಚ್ಚಿದರೆ ಹುಳ ಮುತ್ತಿ ಲೆನ್ಸಿನ ಮುಂದೆ ಬಿಳಿ ಗೆರೆಗಳಾಗಿ ಹಾರಾಡುತ್ತವೆ. ಜನವರಿಯಲ್ಲೂ ಐವತ್ತು ಮೀಟರ್ ದೂರದಲ್ಲಿ ಇನ್ನೊಂದು ಬಿಳಿ ದೀಪ ಹಚ್ಚಿಟ್ಟು, ಚಿತ್ರೀಕರಣದ ದೀಪವನ್ನು ಶಾಟ್ ಶುರುವಾಗುವಾಗ ಮಾತ್ರ ಬೆಳಗಿಸುವುದು ಒಳ್ಳೆಯದು. ಇಬ್ಬನಿಗೆ ಬೇರೆ ಉಪಾಯ ಬೇಕು. ಬೆಳಗಿನ ಜಾವ ಗಾಜು ಮಂಜಾದರೆ ಬಟ್ಟೆಯಲ್ಲಿ ಉಜ್ಜದೆ ಹೇರ್ ಡ್ರೈಯರಿನ ಬಿಸಿ ಗಾಳಿಯನ್ನು ಒಂದು ಅಡಿ ದೂರದಿಂದ ಬಿಡಬೇಕು.

ಕ್ಯಾಮೆರಾ ಬಾಡಿಗೆಯದು, ಸೋನಿ ಎ7ಎಸ್ 3. ನೆರಳು ಬೆಳಕಿನ ವಿವರ ಹೆಚ್ಚು ಉಳಿಸುವ ಎಸ್‌ಲಾಗ್ 3 ಬಗೆಯಲ್ಲಿ ಇದಕ್ಕೆ ಎರಡು ಮೂಲ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಇವೆ, 640 ಮತ್ತು 12,800. ಕತ್ತಲಲ್ಲಿ 6,400 ಇಟ್ಟರೆ ಚಿತ್ರದಲ್ಲಿ ಕಾಳುಕಾಳು ಕಡಿಮೆ ಎಂದು ಕೈ ಅಲ್ಲಿಗೇ ಹೋಗುತ್ತದೆ, ಆದರೆ 12,800ರಲ್ಲೇ ನೆರಳು ಹೆಚ್ಚು ಶುಚಿಯಾಗಿ ಬರುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಜಿನದು, ಮೋಟಾರು ಮನೆಯ ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತಿರುತ್ತದೆ. ಇದಕ್ಕೆ ಹೊಂದದ ಶಟರ್ ಇಟ್ಟರೆ ಗೋಡೆಯ ಮೇಲೆ ಪಟ್ಟೆ ತೇಲುತ್ತದೆ. 24 ಫ್ರೇಮೇ ಬೇಕೆನ್ನುವವರು ಶಟರ್ ಕೋನವನ್ನು 172.8 ಡಿಗ್ರಿಗೆ ಇಡಲಿ, ಅದೂ 1/50 ಆಗುತ್ತದೆ.

ಇನ್ನು ಹಡಗಿನ ಬೆಳಕು. ಎತ್ತರದಲ್ಲಿ ದೀಪ ಕಟ್ಟಲು ಕ್ರೇನ್ ತರುವ ಶಕ್ತಿ ಇಲ್ಲದ ಕಡೆ ಜೆಸಿಬಿ ಸಿಗುತ್ತದೆ. ಹಿಂದಿನ ತೋಳನ್ನು ಎತ್ತಿದರೆ ಐದಾರು ಮೀಟರ್ ಎತ್ತರ. 300 ವಾಟಿನ ಎಲ್‌ಇಡಿ ದೀಪವನ್ನು ಕ್ಲ್ಯಾಂಪ್ ಹಾಕಿ ಬಕೆಟ್ಟಿಗೆ ಬಿಗಿದು, ಅದರ ಮೇಲೆ ಬೇರೆಯೇ ಒಂದು ಸರಪಳಿ ಸುತ್ತಬೇಕು. ಕ್ಲ್ಯಾಂಪ್ ಜಾರಿದರೆ ಸರಪಳಿ ಹಿಡಿಯಬೇಕು. ಹತ್ತಿರ ವಿದ್ಯುತ್ ತಂತಿ ಹಾದುಹೋಗಿದ್ದರೆ ಆ ಜಾಗವನ್ನೇ ಬಿಡಿ. ಎತ್ತಿದ ಮೇಲೆ ಎಂಜಿನ್ ನಿಲ್ಲಿಸಬೇಕು, ಇಲ್ಲವಾದರೆ ನೆರಳೆಲ್ಲ ನಡುಗುತ್ತದೆ. ಆದರೆ ಎಂಜಿನ್ ನಿಂತಾಗ ಹಳೆಯ ಗಾಡಿಗಳ ತೋಳು ಹೈಡ್ರಾಲಿಕ್ ಸೋರಿಕೆಯಿಂದ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಒಂದು ಗೇಣು ಇಳಿದದ್ದು ಕಣ್ಣಿಗೆ ಬೀಳಲಿಲ್ಲ, ಎಡಿಟಿಂಗಿನಲ್ಲಿ ಎರಡು ಶಾಟುಗಳ ನೆರಳು ಹೊಂದಲಿಲ್ಲ. ಆಮೇಲೆ ಬಕೆಟ್ಟಿನಿಂದ ಗಂಟು ಹಾಕಿದ ದಾರ ಇಳಿಬಿಟ್ಟು, ಪ್ರತಿ ಟೇಕಿಗೂ ಮೊದಲು ಗಂಟು ಎಲ್ಲಿದೆ ಎಂದು ನೋಡಿಕೊಂಡೆವು. ಆ ತೋಳಿನ ಕೆಳಗೆ ಯಾರನ್ನೂ ನಿಲ್ಲಿಸಬಾರದು. ನಟಿ ನಿಲ್ಲುವ ಜಾಗ ಯಾವಾಗಲೂ ಎರಡು ಮೀಟರ್ ಆಚೆ.

ಆರು ಮೀಟರಿನ ದೀಪ ನೂರಾರು ಮೀಟರ್ ಮೇಲಿನ ಹಡಗಿನಂತೆ ಕಾಣಲು ಒಂದು ಲೆಕ್ಕ ಅಡ್ಡ ಬರುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ. ದೀಪ ನೆಲದಿಂದ ಆರು ಮೀಟರ್, ನೇರ ಕೆಳಗೆ ನಿಂತಳೆಂದು ಲೆಕ್ಕಕ್ಕೆ ಇಟ್ಟುಕೊಂಡರೆ ಅವಳ ಮುಖಕ್ಕೆ 4.4 ಮೀಟರ್. ಮುಖದ ಮೇಲಿನ ಬೆಳಕು ನೆಲದ ಬೆಳಕಿನ 1.86 ಪಟ್ಟು, ಹೆಚ್ಚೂಕಡಿಮೆ ಒಂದು ಸ್ಟಾಪ್ (ಬೆಳಕು ಎರಡು ಪಟ್ಟಾಗುವಷ್ಟು) ವ್ಯತ್ಯಾಸ. ದೀಪ ಮೂವತ್ತು ಮೀಟರ್ ಮೇಲಿದ್ದರೆ ಇದೇ ವ್ಯತ್ಯಾಸ 1.12 ಪಟ್ಟು ಮಾತ್ರ. ಪ್ರೇಕ್ಷಕರು ಲೆಕ್ಕ ಹಾಕುವುದಿಲ್ಲ, ಆದರೆ ತಲೆ ಹೊಳೆದು ಕಾಲು ಮಬ್ಬಾದರೆ ದೀಪ ಹತ್ತಿರದಲ್ಲೇ ಇದೆ ಎಂದು ಅವರ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ನೆರಳುಗಳು ಛತ್ರಿಯ ಕಡ್ಡಿಗಳಂತೆ ನಾಲ್ಕೂ ಕಡೆ ಹರಡುವುದೂ ಇದನ್ನೇ ಹೇಳುತ್ತದೆ. ನಾವು ಮಾಡಿದ್ದು ಎರಡು: ತಲೆ ಮತ್ತು ಕಾಲು ಒಟ್ಟಿಗೆ ಕಾಣುವ ಶಾಟುಗಳನ್ನು ಕಡಿಮೆ ಮಾಡಿದೆವು, ಬೆಳಕು ಉರಿಯುವಾಗ ನಟಿ ನಡೆಯುವ ಉದ್ದವನ್ನು ಎರಡು ಮೀಟರಿಗಿಂತ ಕಡಿಮೆ ಇಟ್ಟೆವು. ಬೆಳಕು ಸಾಲದೆಂದು ಪಕ್ಕದಲ್ಲಿ ಎರಡನೇ ದೀಪ ಇಡುವ ಆಸೆ ಬರುತ್ತದೆ, ಇಡಬಾರದು. ಜೋಡಿ ನೆರಳು ಬಿದ್ದ ಕ್ಷಣ ಅವು ಎರಡು ಬಲ್ಬುಗಳಾಗುತ್ತವೆ.

ಬೆಳಕು ಹೊಲದ ಮೇಲೆ ಹರಿದುಹೋಗುವ ಶಾಟು ನಮ್ಮ ಚಿತ್ರದ ಜೀವ. ಬದುವಿನ ಎರಡು ತೆಂಗಿನ ಮರಗಳ ನಡುವೆ 28 ಮೀಟರ್. ಏಳು ಮೀಟರ್ ಎತ್ತರದಲ್ಲಿ ಹಗ್ಗ ಕಟ್ಟಿ, ಬಾವಿಯ ರಾಟೆ ಹಾಕಿ, 60 ವಾಟಿನ ಚಿಕ್ಕ ದೀಪವನ್ನು ಅದರ ಬ್ಯಾಟರಿ ಸಮೇತ ಎಳೆದೆವು. ಮೊದಲ ರಾತ್ರಿ ನೈಲಾನ್ ಹಗ್ಗ ಹಾಕಿ ಕೆಟ್ಟೆವು. ನೈಲಾನ್ ಹಿಗ್ಗುತ್ತದೆ, ದೀಪ ನಡುವೆ ಬಂದಾಗ ಮುಕ್ಕಾಲು ಮೀಟರ್ ಜಗ್ಗಿ ತೊಟ್ಟಿಲಿನಂತೆ ತೂಗಿತು. ಎರಡನೇ ರಾತ್ರಿ ಭಾರ ಹೊರಲು ಆರು ಮಿಲಿಮೀಟರಿನ ಉಕ್ಕಿನ ತಂತಿ ಹಗ್ಗ, ಎಳೆಯಲು ಮಾತ್ರ ನೈಲಾನ್. ಮರಕ್ಕೆ ತಂತಿ ಕಚ್ಚದಿರಲು ಗೋಣಿಚೀಲ ಮಡಚಿ ಸುತ್ತಬೇಕು. ಏಳು ಸೆಕೆಂಡಿನಲ್ಲಿ ಈ ಕಡೆಯಿಂದ ಆ ಕಡೆಗೆ ಎಳೆದಾಗ ರಾಗಿ ಕೂಳೆಯ ಸಾವಿರಾರು ನೆರಳುಗಳು ಒಟ್ಟಿಗೆ ತಿರುಗಿದವು. ಅಂಥದ್ದನ್ನು ಕಂಪ್ಯೂಟರಿನಲ್ಲಿ ಮಾಡಹೊರಟರೆ ಹೊಲವನ್ನೇ ಮತ್ತೆ ಕಟ್ಟಬೇಕಾಗುತ್ತದೆ.

ಬಣ್ಣಕ್ಕೆ 5,600 ಕೆಲ್ವಿನ್ ಬಿಳಿ ಬೆಳಕಿನ ಮುಂದೆ ಹಸಿರು ಜೆಲ್, ಅಂದರೆ ಬಣ್ಣದ ಪಾರದರ್ಶಕ ಹಾಳೆ. ಅರ್ಧ ಹಸಿರು ಹಾಕಿದಾಗ ಮುಖ ಕಾಯಿಲೆಯವರಂತಾಯಿತು, ಕಾಲು ಹಸಿರೇ ಸಾಕು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 4,300 ಕೆಲ್ವಿನ್. ಮೋಟಾರು ಮನೆಯೊಳಗಿನ ಹಳದಿ ಬಲ್ಬು ಹೀಗೆ ಬೆಚ್ಚಗೆ ಉಳಿಯುತ್ತದೆ, ಹೊರಗಿನದು ಪರಕೀಯವಾಗುತ್ತದೆ. ದೀಪವನ್ನು ಪಟಪಟ ಮಿನುಗಿಸುವುದು ಬೇಡ. ಇಂಥ ಕ್ಯಾಮೆರಾಗಳ ಸೆನ್ಸರ್ ಸಾಲು ಸಾಲಾಗಿ ಓದುವುದರಿಂದ ಅರ್ಧ ಫ್ರೇಮ್ ಬೆಳಗಿ ಅರ್ಧ ಕತ್ತಲಾಗಿ ನಿಲ್ಲುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ. ಅರ್ಧ ಸೆಕೆಂಡಿನಲ್ಲಿ ಏರಿ ಇಳಿಯುವಂತೆ ಡಿಮ್ಮರ್ ತಿರುಗಿಸಿ. ನೋಟದ ಬಗ್ಗೆಯೂ ಒಂದು ಮಾತು: ಮೂವರು ನಟರಿಗೆ 'ಮೇಲೆ ನೋಡಿ' ಎಂದರೆ ಮೂರು ದಿಕ್ಕು ನೋಡುತ್ತಾರೆ. ಬಿದಿರು ಗಳುವಿನ ತುದಿಗೆ ಕೆಂಪು ಎಲ್‌ಇಡಿ ಕಟ್ಟಿ ಅದನ್ನೇ ನೋಡಲು ಹೇಳಬೇಕು.

ಬೆಳಕಿನ ಕೋಲು ಕಾಣಬೇಕಾದರೆ ಗಾಳಿಯಲ್ಲಿ ಹೊಗೆ ಇರಬೇಕು. ತೆಂಗಿನ ಸಿಪ್ಪೆಯ ಕೆಂಡದ ಮೇಲೆ ಸಾಂಬ್ರಾಣಿ ಹಾಕುವುದು ಅಗ್ಗ, ಆದರೆ ಕಣ್ಣುರಿ. ಹತ್ತಿರ ಹುಲ್ಲಿನ ಬಣವೆ ಇದ್ದರೆ ಅದರ ಯೋಚನೆಯನ್ನೇ ಬಿಡಬೇಕು. ನಾವು ಬಾಡಿಗೆ ಫಾಗ್ ಯಂತ್ರ ತಂದು, ಅದರ ಹೊಗೆಯನ್ನು ಐಸ್ ತುಂಬಿದ ಡಬ್ಬದೊಳಗಿನಿಂದ ಹಾಯಿಸಿದೆವು. ತಣ್ಣಗಾದ ಹೊಗೆ ಮೇಲೇಳದೆ ನೆಲ ಹಿಡಿದು ಹರಿಯುತ್ತದೆ. ಗಾಳಿ ಬೀಸುತ್ತಿದ್ದರೆ ಎಷ್ಟು ಬಿಟ್ಟರೂ ವ್ಯರ್ಥ. ನಮ್ಮ ಹೊಲದಲ್ಲಿ ರಾತ್ರಿ ಎರಡರಿಂದ ಐದರವರೆಗೆ ಗಾಳಿ ಸತ್ತಿರುತ್ತಿತ್ತು. ಹೊಗೆಯ ಶಾಟುಗಳನ್ನೆಲ್ಲ ಆ ಮೂರು ಗಂಟೆಗೆ ಇಟ್ಟುಕೊಂಡೆವು. ಕರೆಂಟಿಗೆ 5 ಕೆವಿಎ ಜನರೇಟರು, ಎಂಬತ್ತು ಮೀಟರ್ ದೂರದಲ್ಲಿ, ಮಣ್ಣಿನ ಗುಡ್ಡೆಯ ಹಿಂದೆ. ಮೋಟಾರಿನ ಲೈನಿನಿಂದ ಎಳೆದುಕೊಳ್ಳುವುದು ಕಾನೂನಿಗೂ ತಪ್ಪು, ದೀಪಗಳಿಗೂ ಕೇಡು.

ಹಡಗನ್ನು ಪೂರ್ತಿ ತೋರಿಸುವುದು ಎರಡೇ ಸಲ, ಅದೂ ಮೋಡದೊಳಗೆ. 90 ಸೆಂಟಿಮೀಟರ್ ಅಗಲದ ಮಾದರಿಯನ್ನು ಸನ್‌ಬೋರ್ಡು, ಥರ್ಮಾಕೋಲು, ಹಳೆಯ ಪ್ರಿಂಟರುಗಳ ಬಿಡಿಭಾಗಗಳಿಂದ ಕಟ್ಟಿದೆವು. ಥರ್ಮಾಕೋಲಿಗೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆದರೆ ಅದರಲ್ಲಿರುವ ದ್ರಾವಕ ಅದನ್ನು ಕರಗಿಸಿ ಗುಳಿ ಮಾಡುತ್ತದೆ, ರಬ್ಬರ್ ಅಂಟೂ ಹಾಗೆಯೇ. ಫೆವಿಕಾಲಿನಲ್ಲಿ ಅಂಟಿಸಿ, ನೀರಿನ ಅಕ್ರಿಲಿಕ್ ಬಣ್ಣವನ್ನು ಎರಡು ಕೈ ಹಚ್ಚಿ ಒಣಗಿಸಿದ ಮೇಲೆ ಸ್ಪ್ರೇ.

ಮಾದರಿ ದೊಡ್ಡದೆನಿಸಲು ಎರಡು ವಿಷಯ ಮುಖ್ಯ. ಒಂದು, ಹತ್ತಿರವೂ ದೂರವೂ ಒಟ್ಟಿಗೆ ಸ್ಪಷ್ಟವಾಗಿರಬೇಕು. ಹಾಗಾಗಿ ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್ 16, ಅದಕ್ಕೆ ತಕ್ಕ ಬೆಳಕು. ಎರಡು, ವೇಗ. ಮಾದರಿ ಮೂಲಕ್ಕಿಂತ ಎಷ್ಟು ಪಟ್ಟು ಚಿಕ್ಕದೋ ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಹೆಚ್ಚು ಫ್ರೇಮಿನಲ್ಲಿ ತೆಗೆದರೆ ಬೀಳುವ ಮಣ್ಣು ದೊಡ್ಡ ಪ್ರಮಾಣದಲ್ಲಿ ಬಿದ್ದಂತೆ ಕಾಣುತ್ತದೆ. ನಮ್ಮ ಹಡಗು 50ಕ್ಕೆ 1. ಐವತ್ತರ ವರ್ಗಮೂಲ ಸುಮಾರು ಏಳು, 25ನ್ನು ಏಳರಿಂದ ಗುಣಿಸಿದರೆ ಸುಮಾರು 175 ಫ್ರೇಮು. 4ಕೆಯಲ್ಲಿ ಕ್ಯಾಮೆರಾ ಕೊಡುವುದು 120. ಆದ್ದರಿಂದ ಹಡಗಿನ ಕಾಲು ನೆಲಕ್ಕೆ ಊರುವ ಶಾಟಿಗೆ 20ಕ್ಕೆ 1ರ ಅಳತೆಯಲ್ಲಿ ಒಂದು ಕಾಲನ್ನಷ್ಟೇ ಬೇರೆ ಮಾಡಿದೆವು, ಅದಕ್ಕೆ 112 ಫ್ರೇಮು ಸಾಕು. ಕೆಳಗಿನ ಮಣ್ಣು ಕೆಮ್ಮಣ್ಣು ಮತ್ತು ಒಲೆಯ ಬೂದಿ, ಸಮಸಮ, ಹಿಟ್ಟಿನ ಜರಡಿಯಲ್ಲಿ ಎರಡು ಸಲ ಜಾಲಿಸಿದ್ದು. ಒಂದು ಹರಳು ಉಳಿದರೂ ಅದು ಪರದೆಯ ಮೇಲೆ ಬಂಡೆಯಾಗುತ್ತದೆ. ನೀರಿನ ಹನಿಯನ್ನು ಮಾತ್ರ ಹೇಗೂ ಚಿಕ್ಕದು ಮಾಡಲಾಗದು. ಮಾದರಿಯ ಹತ್ತಿರ ನೀರು ಬೇಡ.

ಮೋಡಗಳನ್ನು ಮೀನಿನ ತೊಟ್ಟಿಯಲ್ಲಿ ತೆಗೆದೆವು. ಇದು ಹಳೆಯ ವಿದ್ಯೆ, ಈಗಲೂ ಇದನ್ನು ಮೀರಿಸುವುದು ಸುಲಭವಲ್ಲ. 60 ಲೀಟರ್ ಹಿಡಿಯುವ ತೊಟ್ಟಿಗೆ 30 ಲೀಟರ್ ನೀರು, ಅದರಲ್ಲಿ ಒಂದೂವರೆ ಕೆ.ಜಿ. ಉಪ್ಪು. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಸಿಹಿನೀರನ್ನು ನಿಧಾನವಾಗಿ ಹರಿಸಿ, ಒಂದು ಅಂಚಿನಿಂದ ಹಾಳೆಯನ್ನು ಸದ್ದಿಲ್ಲದೆ ಎಳೆದುಕೊಳ್ಳಬೇಕು. ಉಪ್ಪುನೀರು ಭಾರ, ಕೆಳಗೇ ಉಳಿಯುತ್ತದೆ. ಎರಡರ ಗಡಿಗೆ ಸೂಜಿಮದ್ದಿನ ಸಿರಿಂಜಿನಿಂದ ಬಿಳಿ ಪೋಸ್ಟರ್ ಬಣ್ಣ ಬಿಟ್ಟರೆ, ಅದು ಕೆಳಗಿಳಿಯಲಾಗದೆ ಅಡ್ಡಡ್ಡ ಹರಡಿ ಮಳೆಮೋಡದ ತಳದಂತೆ ಉಬ್ಬುತ್ತದೆ. ಬಣ್ಣ ಒಂದು ಪಾಲು, ನೀರು ನಾಲ್ಕು ಪಾಲು. ಗಟ್ಟಿಯಾದರೆ ಎಳೆ ಎಳೆಯಾಗಿ ಜೋತುಬೀಳುತ್ತದೆ. ಹಿಂದಿನಿಂದ ಚಿಕ್ಕ ದೀಪ ಹಿಡಿದರೆ ಮೋಡದೊಳಗೆ ಏನೋ ಬೆಳಗುತ್ತಿದೆ ಅನಿಸುತ್ತದೆ.

ಇಲ್ಲಿ ಕೆಡುವುದೆಲ್ಲ ನೀರಿನಿಂದಲೇ. ಆಗ ತಾನೇ ಹಿಡಿದ ಬೋರ್ ನೀರಿನಲ್ಲಿ ಕರಗಿದ ಗಾಳಿ ಗಾಜಿಗೆ ಗುಳ್ಳೆಯಾಗಿ ಅಂಟಿಕೊಂಡು ನಕ್ಷತ್ರಗಳಂತೆ ಹೊಳೆಯುತ್ತದೆ; ಒಂದು ರಾತ್ರಿ ಬಕೆಟ್ಟಿನಲ್ಲಿ ಇಟ್ಟು ಆಮೇಲೆ ಬಳಸಬೇಕು. ಎರಡು ನೀರೂ ಒಂದೇ ಬಿಸಿಯಲ್ಲಿರಬೇಕು, ಇಲ್ಲದಿದ್ದರೆ ಗಡಿ ತಾನಾಗಿ ಕದಡುತ್ತದೆ. ಒಂದು ತುಂಬಿಗೆ ಒಂದೇ ಟೇಕು, ಆಮೇಲೆ ಅಷ್ಟೂ ನೀರು ಹಾಲು. ಆರು ಸಲ ತುಂಬಿ ಎರಡು ಒಳ್ಳೆಯ ಶಾಟು ಪಡೆದೆವು.

ಬಂದವರ ದೇಹಕ್ಕೆ ಬರೋಣ. ಉದ್ದ ಕಾಲಿಗೆ ಮರಗಾಲು ಕಟ್ಟಿ ಕುಣಿಯಬಲ್ಲ ಕಲಾವಿದರೊಬ್ಬರು ಒಪ್ಪಿಕೊಂಡರು. ಅವರ ಸಮತೋಲದ ಮುಂದೆ ಯಾವ ಯಂತ್ರವೂ ನಿಲ್ಲದು. ಮರಗಾಲಿನ ಎತ್ತರ 60 ಸೆಂಟಿಮೀಟರ್. ಉತ್ತ ಮಣ್ಣಿನಲ್ಲಿ ಅದು ಹೂತುಹೋಗುತ್ತದೆ, ಹಾಗಾಗಿ ತಳಕ್ಕೆ 15 ಸೆಂಟಿಮೀಟರ್ ಚೌಕದ ಪ್ಲೈವುಡ್ ಹಲಗೆ ಬಡಿದು, ನಡೆಯುವ ಹಾದಿಯನ್ನು ಹಗಲಲ್ಲೇ ತುಳಿದು ಗಟ್ಟಿ ಮಾಡಿದೆವು. ಇಬ್ಬರು ಹಿಡಿಯುವವರು ಫ್ರೇಮಿನಾಚೆ ಸದಾ ಸಿದ್ಧ. ನಡಿಗೆ ಮನುಷ್ಯರದ್ದಲ್ಲ ಅನಿಸಲು ಹಿಂದಕ್ಕೆ ನಡೆಸಿ ತೆಗೆದ ಶಾಟನ್ನು ಉಲ್ಟಾ ಓಡಿಸುವ ಉಪಾಯ ಚೆನ್ನಾಗಿದೆ, ಆದರೆ ಹೊಗೆಯಿದ್ದಾಗ ಕೆಲಸಕ್ಕೆ ಬಾರದು. ಹೊಗೆ ಹರಡುವ ಬದಲು ಕೂಡಿಕೊಳ್ಳುತ್ತದೆ. ಮುಖವನ್ನು ಎಲ್ಲಿಯೂ ತೋರಿಸಿಲ್ಲ. ಹನ್ನೆರಡು ಮೀಟರ್ ಹಿಂದಿನಿಂದ ಬೆಳಕು, ನಡುವೆ ಹೊಗೆ, ಮುಂದೆ ಕಪ್ಪು ಆಕಾರ.

ಹತ್ತಿರದಿಂದ ಕಾಣುವುದು ಒಂದು ಕೈ ಮಾತ್ರ. ಹಲ್ಲಿನ ವೈದ್ಯರು ಅಚ್ಚು ತೆಗೆಯುವ ಆಲ್ಜಿನೇಟಿನಲ್ಲಿ ಕಲಾವಿದರ ಕೈ ಅದ್ದಿಸಿ, ಗಟ್ಟಿಯಾದೊಡನೆ ಕೈ ತೆಗೆದು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸುರಿಯಬೇಕು. ಒಂದು ಗಂಟೆ ಬಿಟ್ಟರೂ ಆಲ್ಜಿನೇಟ್ ಒಣಗಿ ಕುಗ್ಗುತ್ತದೆ. ಬರಿ ಕೈಯನ್ನು ಪಿಒಪಿಯಲ್ಲಿ ಎಂದೂ ಅದ್ದಬಾರದು, ಗಟ್ಟಿಯಾಗುವಾಗ ಅದು ಚರ್ಮ ಸುಡುವಷ್ಟು ಕಾಯುತ್ತದೆ. ಪಿಒಪಿ ಕೈಯ ಮೇಲೆ ಜೇಡಿಯಿಂದ ಬೆರಳು ಉದ್ದ ಮಾಡಿ, ಅದರ ಅಚ್ಚು ತೆಗೆದು ಸಿಲಿಕೋನ್ ಹಾಕಿದೆವು. ಪ್ಲಾಟಿನಂ ಬಗೆಯ ಸಿಲಿಕೋನಿನ ಎರಡು ದ್ರವಗಳನ್ನು ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಗಂಧಕವಿರುವ ಮಾಡೆಲಿಂಗ್ ಜೇಡಿ, ಲ್ಯಾಟೆಕ್ಸ್ ಕೈಗವಸು ತಾಗಿದ ಕಡೆ ಅದು ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಮೊದಲು ಒಂದು ಚಮಚದಷ್ಟನ್ನು ಪರೀಕ್ಷಿಸಿ.

ಕಂಪ್ಯೂಟರಿನ ಕೆಲಸ ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ, ಒಟ್ಟು 22 ಶಾಟು. ಕತ್ತಲೆಯಲ್ಲಿ ಕ್ಯಾಮೆರಾ ಚಲನೆ ಲೆಕ್ಕ ಹಾಕಲು ಸಾಫ್ಟ್‌ವೇರಿಗೆ ಹಿಡಿಯುವ ಚುಕ್ಕೆಗಳೇ ಸಿಗುವುದಿಲ್ಲ. ಹೊಲದಲ್ಲಿ ಹತ್ತಿರ, ನಡು, ದೂರ ಹೀಗೆ ಹದಿನೈದಿಪ್ಪತ್ತು ಸಣ್ಣ ಎಲ್‌ಇಡಿ ನೆಟ್ಟು, ಆಮೇಲೆ ಅಳಿಸಿದೆವು. ಎಲ್ಲವನ್ನೂ ಒಂದೇ ದೂರದಲ್ಲಿ ನೆಟ್ಟರೆ ಆಳ ಗೊತ್ತಾಗದೆ ಟ್ರ್ಯಾಕ್ ಜಾರುತ್ತದೆ. ಕಂಪ್ಯೂಟರು ಒಂದು ಫ್ರೇಮನ್ನು ರೆಂಡರ್ ಮಾಡಲು, ಅಂದರೆ ಬಿಡಿಸಿ ಮುಗಿಸಲು, ಆರು ನಿಮಿಷವಾದರೆ ಎಂಟು ಸೆಕೆಂಡಿನ ಶಾಟಿಗೆ ಇಪ್ಪತ್ತು ಗಂಟೆ. ಶಾಟಿನ ಉದ್ದವನ್ನು ಎಡಿಟಿಂಗಿನಲ್ಲಿ ಗಟ್ಟಿಮಾಡದೆ ರೆಂಡರಿಗೆ ಹಾಕಬಾರದು. ಶುಚಿಗೊಳಿಸಿದ ಚಿತ್ರದ ಮೇಲೆ ಹಡಗು ಕೂರಿಸಿ, ಕೊನೆಗೆ ಎರಡಕ್ಕೂ ಒಂದೇ ಗ್ರೇನ್ (ಸಣ್ಣ ಕಾಳುಕಾಳು) ಹಾಕಿದಾಗಲೇ ಅವು ಒಂದೇ ರಾತ್ರಿಯವು ಎನಿಸುವುದು.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇವೆ. ಜಮೀನಿನವರಿಂದ ಬರಹದಲ್ಲಿ ಒಪ್ಪಿಗೆ, ಪಂಚಾಯಿತಿಗೂ ಠಾಣೆಗೂ ಪತ್ರ. ನಡುರಾತ್ರಿ ಆಕಾಶದಲ್ಲಿ ಬೆಳಕು ಆಡಿಸುವವರು ಸುತ್ತಲಿನ ಊರಿಗೆ ಮೊದಲೇ ಹೇಳಲೇಬೇಕು. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಹಸು, ನಾಯಿ, ಆಡು ಯಾವುದನ್ನು ನಟಿಸಲು ತಂದರೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಚಿತ್ರೀಕರಣಕ್ಕೆ ಮುಂಚೆಯೇ ಬೇಕು. ಬೆದರುವ ಎಮ್ಮೆಯ ದೃಶ್ಯ ನಮ್ಮ ಬರಹದಲ್ಲಿತ್ತು. ಎಮ್ಮೆಯನ್ನು ಬಿಟ್ಟು ಅದರ ಕೊರಳ ಗಂಟೆಯ ಶಬ್ದವನ್ನಷ್ಟೇ ಇಟ್ಟುಕೊಂಡೆವು, ದೃಶ್ಯ ಇನ್ನೂ ಗಟ್ಟಿಯಾಯಿತು.

ಶಬ್ದಕ್ಕೆ ಆರು ವಾರ ಕೊಟ್ಟೆವು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ 27 ಮಿಲಿಮೀಟರಿನ, ನಡುಕವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಗೆ ತಂತಿ ಬೆಸೆದು, ಬೋರಿನ ಕೇಸಿಂಗ್ ಪೈಪಿಗೆ ಟೇಪು ಸುತ್ತಿ ಅಂಟಿಸಿದರೆ ನೆಲದಾಳದ ಮೋಟಾರಿನ ಮೊರೆತ ಸಿಗುತ್ತದೆ. ಅದರ ಶ್ರುತಿಯನ್ನು ಎರಡು ಆಕ್ಟೇವ್ (ಸ್ಥಾಯಿ) ಇಳಿಸಿದ್ದೇ ಹಡಗಿನ ಸದ್ದು. ಇಳಿಸಲು ಬೇಕಾದಷ್ಟು ವಿವರ ಉಳಿಯಬೇಕೆಂದರೆ 96 ಕಿಲೋಹರ್ಟ್ಜಿನಲ್ಲಿ ದಾಖಲಿಸಬೇಕು. ಜೀರುಂಡೆಗಳ ಸದ್ದನ್ನು ಪ್ರತಿ ಜಾಗದಲ್ಲೂ ಎರಡೆರಡು ನಿಮಿಷ ಹಿಡಿದಿಟ್ಟುಕೊಂಡೆವು. ಬೆಳಕು ಬರುವ ಮೂರು ಸೆಕೆಂಡು ಮುಂಚೆ ಅದು ನಿಲ್ಲುತ್ತದೆ, ಅಷ್ಟಕ್ಕೇ ಕೂತವರು ನೆಟ್ಟಗಾಗುತ್ತಾರೆ.

ಬಂದವರ ದನಿ ಯಾವುದೆಂದು ಬಹಳ ಹುಡುಕಿದೆವು. ಆ ಸೀಮೆಗೆ ಹತ್ತಿರದ ಗೌರಿಬಿದನೂರಿನಲ್ಲೇ ಸಾವಿರ ಡೈಪೋಲುಗಳ (ಎರಡು ಕಡೆ ಚಾಚಿದ ತಂತಿಯ ಆಂಟೆನಾ) ಟಿ ಆಕಾರದ ರೇಡಿಯೋ ದೂರದರ್ಶಕ ಇತ್ತು, 34.5 ಮೆಗಾಹರ್ಟ್ಜಿನಲ್ಲಿ ಆಕಾಶ ಕೇಳುತ್ತಿದ್ದದ್ದು. ಪೂರ್ವ ಪಶ್ಚಿಮದ ತೋಳೇ 1.4 ಕಿಲೋಮೀಟರ್. ಅದರಿಂದ ಹೊಳೆದದ್ದು: ಆಕಾಶದ ನಿಜವಾದ ಸದ್ದನ್ನೇ ಬಳಸೋಣ. 20.1 ಮೆಗಾಹರ್ಟ್ಜಿಗೆ ಡೈಪೋಲಿನ ಉದ್ದ 7.1 ಮೀಟರ್, ಅಂದರೆ ಎರಡು ಕಡೆ ಮೂರೂವರೆ ಮೀಟರ್ ತಾಮ್ರದ ತಂತಿ, ಮೂರು ಮೀಟರ್ ಎತ್ತರದ ಎರಡು ಬಿದಿರು ಗಳು, ಒಂದು ಅಗ್ಗದ ರಿಸೀವರು. ಗುರು ಗ್ರಹದ ಸಿಡಿತಗಳು ಕೇಳಿಬರುವ ಆವರ್ತನವಿದು. ಅವು ದಿನವೂ ಸಿಗುವುದಿಲ್ಲ, ಆದರೆ ನಮ್ಮ ಆಕಾಶಗಂಗೆಯ ಸುಯ್ಯೆನ್ನುವ ಸದ್ದು ಸದಾ ಇರುತ್ತದೆ. ಹಗಲು ದೂರದ ರೇಡಿಯೋ ನಿಲಯಗಳು ನುಗ್ಗುತ್ತವೆ, ನಡುರಾತ್ರಿ ಕಳೆದ ಮೇಲೆ ಶುಚಿ. ಎಲ್‌ಇಡಿ ದೀಪಗಳ ಡ್ರೈವರುಗಳೂ ಮೊಬೈಲ್ ಚಾರ್ಜರುಗಳೂ ಇದೇ ಆವರ್ತನದಲ್ಲಿ ಗೊರಗೊರ ಎನ್ನುತ್ತವೆ, ಎಲ್ಲವನ್ನೂ ಆರಿಸಿ ದಾಖಲಿಸಬೇಕು.

ಆ ಸುಯ್ಯೆನ್ನುವ ಸದ್ದಿಗೆ ಆಕಾರ ಕೊಟ್ಟದ್ದು 72 ಸೆಕೆಂಡು. 1977ರ ಆಗಸ್ಟ್ 15ರಂದು ಅಮೆರಿಕದ ಒಹಾಯೋದಲ್ಲಿ ಹಿಡಿದ, ಅನ್ಯಗ್ರಹದವರದೇನೋ ಎಂದು ಚರ್ಚೆಯಾದ, 'ವಾವ್' ಎಂದು ಹೆಸರಾದ ರೇಡಿಯೋ ಸಂಕೇತ ಅಷ್ಟು ಹೊತ್ತು ಇತ್ತು. ಆ ದೂರದರ್ಶಕ ನೆಲಕ್ಕೆ ಕಟ್ಟಿದ್ದು, ಭೂಮಿ ತಿರುಗಿದಂತೆ ಆಕಾಶದ ಒಂದು ಬಿಂದು ಅದರ ಮುಂದೆ ಹಾದುಹೋಗಲು ಹಿಡಿಯುವುದೇ 72 ಸೆಕೆಂಡು. ಸಂಕೇತ ಮೆಲ್ಲನೆ ಏರಿ ಮೆಲ್ಲನೆ ಇಳಿದದ್ದು ಅದಕ್ಕೇ. ನಮ್ಮ ಕೊನೆಯ ದೃಶ್ಯವೂ 72 ಸೆಕೆಂಡು, ಒಂದೇ ಶಾಟು. ಸದ್ದು 36ನೇ ಸೆಕೆಂಡಿನಲ್ಲಿ ತುತ್ತತುದಿ ಮುಟ್ಟುತ್ತದೆ, ರಾಟೆಯ ದೀಪ ಆಗ ಸರಿಯಾಗಿ ಅವಳ ನೆತ್ತಿಯ ಮೇಲೆ. ಸದ್ದು ಪೂರ್ತಿ ಇಳಿದ ಮೇಲೆ ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ಸ್ಟಾರ್ಟರಿನ ಕಟ್ ಎನ್ನುವ ಶಬ್ದ, ಪೈಪಿನ ಬಾಯಿಂದ ಗಾಳಿ, ಅದರ ಹಿಂದೆ ನೀರು. ಗಾಳಿಯ ಆ ಶಬ್ದವನ್ನು ಬೇರೆಯಾಗಿ ಹಿಡಿಯಲು ಮೈಕನ್ನು ಪೈಪಿನ ಪಕ್ಕಕ್ಕೆ ಒಂದು ಮೊಳ ದೂರದಲ್ಲಿ, ಬಾಯಿಗೆ ಎದುರಲ್ಲದ ಹಾಗೆ ಇಟ್ಟೆವು. ಎದುರಿಗಿಟ್ಟ ಮೊದಲ ಮೈಕು ನೀರು ಕುಡಿಯಿತು.